ಹಳದಿ ಕಾರು ಬಾರದ ಹದಿನೆಂಟು ದಿನ

ನನ್ನ ಗಂಡ ಪ್ರಭಾಕರ ಅವರಿಗೆ ಕುಡಿಯುವ ಚಟವಿಲ್ಲ, ಇಸ್ಪೀಟು ಬರುವುದಿಲ್ಲ, ಕ್ರಿಕೆಟ್ಟು ಕೂಡ ಫೈನಲ್ ಇದ್ದರಷ್ಟೇ. ಅವರಿಗಿರುವುದು ಒಂದೇ ಹುಚ್ಚು: ರಸ್ತೆಯಲ್ಲಿ ಓಡಾಡುವ ಹಳೇ ಕಾರುಗಳನ್ನು ನೋಡುವುದು. ನೋಡುವುದು ಎಂದರೆ ಸುಮ್ಮನೆ ನೋಡಿ ಮುಂದೆ ಹೋಗುವುದಲ್ಲ. ನಿಂತು, ಸುತ್ತು ಹಾಕಿ, ಬಗ್ಗಿ, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಳ್ಳಬೇಕು. ಮದುವೆಯಾಗಿ ಹದಿನೇಳು ವರ್ಷವಾಯಿತು. ನಿನ್ನೆ ನಾನು ಉಟ್ಟ ಸೀರೆಯ ಬಣ್ಣ ಕೇಳಿದರೆ ತಡವರಿಸುತ್ತಾರೆ, ಆದರೆ ಕಳೆದ ಮಾರ್ಚಿನಲ್ಲಿ ಅಂಗಡಿಯ ಮುಂದೆ ನಿಂತಿದ್ದ ಕಾರಿನ ಹಿಂದಿನ ದೀಪ ಯಾವ ವರ್ಷದ್ದು ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ.

ನಾವಿರುವುದು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ. ಒಂದು ಕಾಲಕ್ಕೆ ಸಾಬ್ ಕಾರುಗಳು ತಯಾರಾಗುತ್ತಿದ್ದ ಊರು ಇದು. ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಇವರಿಗೆ ಕೆಲಸ ಇರುವುದು ವಿಮಾನದ ಎಂಜಿನ್ ಮಾಡುವ ಕಡೆ, ಲೋಹದಲ್ಲಿ ಕೂದಲೆಳೆಯಷ್ಟು ಬಿರುಕೇನಾದರೂ ಇದೆಯೇ ಎಂದು ಪರೀಕ್ಷಿಸುವ ವಿಭಾಗದಲ್ಲಿ. ನಾನು, ಕೋಕಿಲಾ, ಒಂದು ದಾಗಿಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಇಲ್ಲಿ ಶಿಶುವಿಹಾರಕ್ಕೆ ಹಾಗೆನ್ನುತ್ತಾರೆ. ನನ್ನ ಸ್ವೀಡಿಷ್ ಎಲ್ಲ ನಾಲ್ಕು ವರ್ಷದ ಮಕ್ಕಳಿಂದ ಕಲಿತದ್ದು. ಮಗಳು ಭೂಮಿಗೆ ಹದಿನಾಲ್ಕು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತನಗೆ ತೋಚಿದ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ.

ಇವರ ಹುಚ್ಚಿಗೆ ಕಾಯಿದೆಗಳಿವೆ. ಬೇಸಿಗೆಯ ಭಾನುವಾರ ಹೊಳೆಯುವಂತೆ ಒರೆಸಿ ಮೈದಾನದಲ್ಲಿ ಸಾಲಾಗಿ ನಿಲ್ಲಿಸುವ ಕಾರುಗಳು ಲೆಕ್ಕಕ್ಕಿಲ್ಲ. ಲಾರಿಯ ಮೇಲೆ ಹೋಗುವ ಕಾರು ಲೆಕ್ಕಕ್ಕಿಲ್ಲ. ಕಾರು ದುಡಿಯುತ್ತಿರಬೇಕು. ಹಿಂದಿನ ಸೀಟಿನಲ್ಲಿ ತರಕಾರಿ ಚೀಲವೋ, ಮಗುವಿನ ಸೀಟೋ, ಗಾಜಿನ ಹಿಮ ಕೆರೆಯುವ ಪ್ಲಾಸ್ಟಿಕ್ಕೋ ಕಾಣಬೇಕು. ಇನ್ನೊಂದು ಕಾಯಿದೆ: ಯಜಮಾನ ಯಾರು ಎಂದು ಹುಡುಕಬಾರದು. ಈ ದೇಶದಲ್ಲಿ ನಂಬರ್ ಪ್ಲೇಟಿನ ಆರು ಅಕ್ಷರ ಕೊಟ್ಟರೆ ಸರ್ಕಾರದ ಕಡತವೇ ಯಜಮಾನನ ಹೆಸರು, ವಿಳಾಸ ಕೊಟ್ಟುಬಿಡುತ್ತದೆ. ಇವರು ಒಂದು ಸಲವೂ ಕೇಳಿದವರಲ್ಲ. "ನಂಗೆ ಕಾರು ಸಾಕು ಕಣೇ, ಮನುಷ್ಯರ ವಿಷಯ ಯಾಕೆ" ಎನ್ನುತ್ತಿದ್ದರು.

ಈ ಹುಚ್ಚಿಗೆ ಮೂಲ ದಾವಣಗೆರೆಯಲ್ಲಿದೆ. ನಮ್ಮ ಮಾವ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಪೊರೆ ಬಂದು ಕಣ್ಣು ಮಂದವಾದ ಮೇಲೆ ಟ್ಯಾಕ್ಸಿ ಬೇವಿನ ಮರದ ಕೆಳಗೆ ನಿಂತಿತು. ಆಪರೇಷನ್ ಆಗಿ ಕಣ್ಣು ಸರಿಹೋಗುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಕೀ ತಿರುಗಿಸಿದರೆ ಗಾಡಿ ಮಾತಾಡಲಿಲ್ಲ, ಕಾಲಿಟ್ಟರೆ ತಳ ಕುಸಿಯಿತು. "ಓಡಿ ಓಡಿ ಸವೆದಿದ್ರೆ ಅಪ್ಪಂಗೆ ಬೇಜಾರಾಗ್ತಿರಲಿಲ್ಲ. ಸುಮ್ನೆ ನಿಂತು ಹಾಳಾಯ್ತಲ್ಲ, ಅದೇ ಅವ್ರಿಗೆ ಕೊರಗು" ಎಂದು ಇವರು ನನಗೆ ಹೇಳಿದ್ದು ಒಂದೇ ಸಲ.

ಇವರ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬಂದಿರುವುದು ಸಾಸಿವೆ ಹಳದಿಯ ಒಂದು ಸಾಬ್. ಐವತ್ತು ದಾಟಿದ ಕಾರು. ಇವರು ನಡೆದು ಕೆಲಸಕ್ಕೆ ಹೋಗುವ ದಾರಿಯಲ್ಲಿ ವೃದ್ಧರ ಆರೈಕೆಯ ಮನೆಯೊಂದಿದೆ. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಏಳೂಕಾಲರ ಮೇಲೆ ಆ ಕಾರು ಬಡಬಡ ಸದ್ದು ಮಾಡಿಕೊಂಡು ಬಂದು ಅದರ ಅಂಗಳದಲ್ಲಿ ನಿಲ್ಲುತ್ತಿತ್ತು. ಕೆಂಪು ಉಣ್ಣೆ ಟೋಪಿಯ ಅಜ್ಜಿಯೊಬ್ಬರು ಇಳಿದು ಒಳಗೆ ಹೋಗುತ್ತಿದ್ದರು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದರಿಂದ ಕಾರಿಗೆ ತುಕ್ಕು ಹಿಡಿಯುತ್ತದೆ. ಹಳೇ ಕಾರಿದ್ದವರೆಲ್ಲ ಅಕ್ಟೋಬರಿನಲ್ಲೇ ಅದನ್ನು ಗ್ಯಾರೇಜಿಗೆ ಸೇರಿಸಿ, ಹೊದಿಕೆ ಹೊದಿಸಿ, ಮೇ ತಿಂಗಳಿಗೆ ಎಬ್ಬಿಸುತ್ತಾರೆ. ಈ ಅಜ್ಜಿ ಮಾತ್ರ ಜನವರಿಯ ಮೈನಸ್ ಹದಿನೇಳರಲ್ಲೂ ಬಂದರು. ಆ ದಿನ ಇವರು ಮನೆಗೆ ಫೋನ್ ಮಾಡಿ, "ಬಂತು ಕಣೇ!" ಎಂದು ಕೂಗಿದ್ದರು. ಭಾರತದಿಂದ ಯಾರಾದರೂ ಬಂದಿಳಿದರೋ ಎಂದು ನಾನು ಗಾಬರಿಯಾಗಿದ್ದೆ.

ಈ ವರ್ಷ ಆಯುಧಪೂಜೆ ಬುಧವಾರ ಬಂತು. ಇಲ್ಲಿ ರಜೆಯಿಲ್ಲವಾದ್ದರಿಂದ ಬೆಳಿಗ್ಗೆ ಆರಕ್ಕೇ ನಮ್ಮ ಕಾರಿಗೆ ಪೂಜೆ ಮುಗಿಸಿದೆವು. ನಮ್ಮದು ಬ್ಯಾಟರಿ ಗಾಡಿ. ವಿಭೂತಿ, ಕುಂಕುಮ, ಅಂಗಡಿಯಲ್ಲಿ ಸಿಕ್ಕ ಸೇವಂತಿಗೆ, ಚಕ್ರಕ್ಕೆ ನಿಂಬೆಹಣ್ಣು. ನಾಲ್ಕು ಹೆಜ್ಜೆ ಓಡಿಸಿ ಹಣ್ಣು ಪಚ್ ಎನ್ನಿಸಿ, ಆರತಿ ಎತ್ತಿ ನಾನು ದಾಗಿಸ್‌ಗೆ ಓಡಿದೆ. ಉಳಿದ ಕುಂಕುಮದ ಪೊಟ್ಟಣ, ಎರಡು ನಿಂಬೆಹಣ್ಣು ಮತ್ತು ನಾಲ್ಕು ಹೂವನ್ನು ಇವರು ಯಾಕೆ ಜೇಬಿಗೆ ಹಾಕಿಕೊಂಡರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮರುದಿನ ಸಂಜೆ ಭೂಮಿ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಮ್ಮಾ, ಈಸ್ ದಿಸ್ ಪಪ್ಪಾ?"

ಅದು ನಮ್ಮ ಭಾಗದ ನೆರೆಹೊರೆಯವರ ಫೇಸ್‌ಬುಕ್ ಗುಂಪು. ಕಳ್ಳತನ, ಅಪರಿಚಿತರ ಓಡಾಟ, ಕಳೆದುಹೋದ ಬೆಕ್ಕು ಎಲ್ಲ ಅದರಲ್ಲಿ ಬರುತ್ತವೆ. ಚಿತ್ರದಲ್ಲಿ ಹಳದಿ ಸಾಬ್. ಬುಧವಾರ ಮಳೆ ಬಂದಿತ್ತಲ್ಲ, ಕುಂಕುಮ ಕರಗಿ ಎರಡೂ ದೀಪಗಳ ಕೆಳಗೆ ಕೆಂಪಾಗಿ ಇಳಿದಿತ್ತು. ಮುಂದಿನ ಚಕ್ರಗಳ ಕೆಳಗೆ ಕೆಂಪು ಮೆತ್ತಿದ ನಿಂಬೆಹಣ್ಣು. ಮೇಲೆ ಬರಹ: 'ಇದರ ಅರ್ಥ ಯಾರಿಗಾದರೂ ಗೊತ್ತೇ? ಕಾರಿನ ಒಡತಿಗೆ ಎಂಬತ್ತೊಂದು ವರ್ಷ, ಒಬ್ಬಂಟಿ. ತುಂಬಾ ಹೆದರಿದ್ದಾರೆ. ಪೊಲೀಸರಿಗೆ ದೂರು ಕೊಟ್ಟಾಗಿದೆ.'

ಕೆಳಗೆ ಐವತ್ತಕ್ಕೂ ಹೆಚ್ಚು ಉತ್ತರಗಳು. ರಕ್ತವೇ ಎಂದು ಒಬ್ಬರು. ಯಾವುದೋ ಗ್ಯಾಂಗಿನ ಗುರುತು ಎಂದು ಇನ್ನೊಬ್ಬರು. ಮಾಟ ಇರಬೇಕು, ತಾನು ಒಂದು ಕಾರ್ಯಕ್ರಮದಲ್ಲಿ ನೋಡಿದ್ದೇನೆ ಎಂದು ಮತ್ತೊಬ್ಬರು. ಕೊನೆಯಲ್ಲಿ ಒಬ್ಬರು ಬರೆದಿದ್ದರು: 'ನಮ್ಮ ತಾಯಿ ಕಿಟಕಿಯಿಂದ ನೋಡಿದ್ದಾರೆ. ಕಪ್ಪು ಜಾಕೆಟ್ ಹಾಕಿದ ಗಂಡಸು. ಶೂ ಬಿಚ್ಚಿಟ್ಟು ಬರೀ ಕಾಲುಚೀಲದಲ್ಲಿ ಕಾರಿನ ಮುಂದೆ ಕೈಜೋಡಿಸಿ ನಿಂತಿದ್ದ.'

ಇವರು ಬಂದರು. ಫೋನ್ ಮುಂದೆ ಹಿಡಿದೆ. ಓದಿದರು, ಮತ್ತೆ ಓದಿದರು.

"ಏನ್ರೀ ಇದು? ಯಾರು ಹೇಳಿದ್ರು ನಿಮಗೆ ಕಂಡೋರ ಕಾರಿಗೆ ಪೂಜೆ ಮಾಡೋಕೆ?"

"ಮಾಡ್ದೆ ಹೇಗೆ ಹೋಗ್ಲಿ ಕಣೇ? ಎರಡು ವರ್ಷದ ಬ್ಯಾಟರಿ ಗಾಡಿಗೆ ಪೂಜೆ ಮಾಡಿ, ಐವತ್ತು ವರ್ಷ ದುಡಿದಿರೋದರ ಮುಂದೆ ಸುಮ್ನೆ ನಡ್ಕೊಂಡು ಹೋಗ್ಲಾ? ದೃಷ್ಟಿ ಆಗದೆ ಇರ್ಲಿ ಅಂತ ಇಟ್ಟೆ. ಅವ್ರು ಕಾರ್ ತೆಗೆದಾಗ ಹಣ್ಣು ತಾನೇ ಹತ್ತುತ್ತೆ ಅಂದ್ಕೊಂಡೆ."

"ಅವ್ರಿಗೇನ್ರೀ ಗೊತ್ತು ದೃಷ್ಟಿ ಗಿಷ್ಟಿ!"

ಇವರು ಕುರ್ಚಿಯಲ್ಲಿ ಕೂತುಬಿಟ್ಟರು. "ನಾಳೆನೇ ಹೋಗಿ ಹೇಳ್ತೀನಿ" ಎಂದರು. ನಾನು ಬೇಡ ಎಂದೆ. ಬೇಡ ಎಂದರೆ ಸಾಧಾರಣ ಬೇಡ ಅಲ್ಲ, ತಲೆಯ ಮೇಲೆ ಕೈ ಇಡಿಸಿಕೊಂಡು ಆಣೆ ಮಾಡಿಸಿದೆ.

ಯಾಕೆಂದರೆ ನಮ್ಮ ಪೌರತ್ವದ ಅರ್ಜಿ ಕಚೇರಿಯಲ್ಲಿ ಕೂತು ಎರಡೂವರೆ ವರ್ಷವಾಗಿತ್ತು. ತೀರ್ಮಾನಕ್ಕೆ ಮುಂಚೆ ಪೊಲೀಸರನ್ನು ಕೇಳುತ್ತಾರೆ. ಮನುಷ್ಯ ನೆಟ್ಟಗಿದ್ದಾನೆಯೇ, ಹೆಸರಿನ ಮೇಲೆ ಏನಾದರೂ ಇದೆಯೇ? ಇವರ ಕಾರ್ಖಾನೆಯಲ್ಲಂತೂ ಗೇಟು ದಾಟಲೂ ಹಿನ್ನೆಲೆ ನೋಡುತ್ತಾರೆ. ಎಂಬತ್ತೊಂದರ ಒಂಟಿ ಮುದುಕಿಗೆ ಬೆದರಿಕೆ ಹಾಕಿದವನು ಎಂದು ಒಂದು ಸಾಲು ಬಿದ್ದರೆ ಸಾಕಲ್ಲ. ಭೂಮಿ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಅವಳು ಕನಸು ಕಾಣುವುದು ಸ್ವೀಡಿಷಿನಲ್ಲಿ. ಅವಳನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ನನಗೆ ಭಯವಾಯಿತು. ಇದಕ್ಕೆ ಬೇರೆ ಹೆಸರು ಕೊಟ್ಟು ಮರೆಸುವುದಿಲ್ಲ, ಶುದ್ಧ ಭಯ.

ಮರುದಿನ ದಾಗಿಸ್‌ಗೆ ಹೋಗುವ ಮುಂಚೆ ಒದ್ದೆ ಬಟ್ಟೆ ಹಿಡಿದು ಪಾರ್ಕಿಂಗಿಗೆ ಹೋದೆ. ನಮ್ಮ ಕಾರಿನ ಮೂತಿಯ ಮೇಲೆ ನಾನೇ ಇಟ್ಟ ಕುಂಕುಮ ಇತ್ತು. ಯಾರಾದರೂ ನೋಡಿದರೆ ಎರಡಕ್ಕೂ ಗಂಟು ಹಾಕುತ್ತಾರೆ ಎಂದು ಒರೆಸಿದೆ. ನಮ್ಮ ಕಡೆಯ ಹೆಂಗಸಿಗೆ ಕುಂಕುಮ ಒರೆಸುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೆಂಪು ಹೋದರೂ ಸಂದಿಯಲ್ಲಿ ಸ್ವಲ್ಪ ಉಳಿಯಿತು, ಅದನ್ನು ಉಗುರಿನಿಂದ ಕೆರೆದೆ. ಆಮೇಲೆ ದಿನವಿಡೀ ಉಗುರಿನೊಳಗೆ ಅದು ಕಾಣುತ್ತಲೇ ಇತ್ತು.

ಹಳದಿ ಕಾರು ಬರಲಿಲ್ಲ. ಶುಕ್ರವಾರ ಬರಲಿಲ್ಲ, ಸೋಮವಾರ ಬರಲಿಲ್ಲ. ಇವರು ದಿನಾ ಅಲ್ಲೇ ಹಾದು ಹೋಗುತ್ತಿದ್ದರು, ಬೇಡ ಎಂದರೂ ಕೇಳುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಪುಸ್ತಕ ಮೇಜಿನ ಮೇಲಿಡುತ್ತಿದ್ದರು. ತೆಗೆದು ನೋಡಿದರೆ ತಾರೀಕು, ಅದರ ಮುಂದೆ 'ಬಂದಿಲ್ಲ'. ಅದರ ಕೆಳಗೆ ಮತ್ತೊಂದು ತಾರೀಕು, ಮತ್ತೆ 'ಬಂದಿಲ್ಲ'. ತಟ್ಟೆಯಲ್ಲಿ ಅನ್ನ ಕಲಸಿ ಕಲಸಿ ಹಾಗೇ ಬಿಡುತ್ತಿದ್ದರು. ನಾನೂ ಏನು ಸುಖವಾಗಿರಲಿಲ್ಲ. ಬಾಗಿಲ ಗಂಟೆ ಬಾರಿಸಿದರೆ ಕಿಂಡಿಯಲ್ಲಿ ನೋಡದೆ ತೆಗೆಯುತ್ತಿರಲಿಲ್ಲ. ಪೊಲೀಸ್ ಗಾಡಿ ರಸ್ತೆಯಲ್ಲಿ ಹೋದರೆ ಅದು ತಿರುವು ದಾಟುವವರೆಗೆ ಕಿಟಕಿ ಬಿಟ್ಟು ಬರುತ್ತಿರಲಿಲ್ಲ. ಫೋನಿಗೆ ಸರ್ಕಾರಿ ಪತ್ರ ಬಂದ ಸದ್ದಾದಾಗೊಮ್ಮೆ ಮಕ್ಕಳ ಮೂಗು ಒರೆಸುವುದನ್ನು ಬಿಟ್ಟು ಓಡಿದ್ದೆ. ಹಲ್ಲಿನ ಡಾಕ್ಟರ ಜ್ಞಾಪನೆಯ ಪತ್ರ ಅದು.

ಹತ್ತನೇ ದಿನ ಇವರು ತಮ್ಮ ಕಾಯಿದೆಯನ್ನು ತಾವೇ ಮುರಿದರು. ಕಂಪ್ಯೂಟರಿನ ಮುಂದೆ ಕೂತು ಕಾರಿನ ನಂಬರ್ ಹಾಕಿದರು. ನಾನು ಹಿಂದೆ ನಿಂತಿದ್ದೆ. ಕಡತದಲ್ಲಿ ಬಣ್ಣ, ವರ್ಷ, ತೂಕ ಎಲ್ಲ ಬಂತು. ಸ್ಥಿತಿ ಎಂಬಲ್ಲಿ ಹೀಗಿತ್ತು: ಅಕ್ಟೋಬರ್ ಆರರಿಂದ ಸಂಚಾರದಿಂದ ಹಿಂತೆಗೆದಿದೆ.

ಎಂದರೆ ಒಡತಿಯೇ ಅರ್ಜಿ ಹಾಕಿ, ಈ ಕಾರು ಇನ್ನು ರಸ್ತೆಗೆ ಬರುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ.

"ನಾನೇ ನಿಲ್ಲಿಸ್ದೆ ಕಣೇ" ಎಂದರು ಇವರು. "ಮೈನಸ್ ಹದಿನೇಳಕ್ಕೂ ನಿಲ್ದೇ ಇದ್ದಿದ್ದು. ನಾನು ನಿಲ್ಲಿಸ್ದೆ."

ನನಗೆ ಸಿಟ್ಟು ಬಂತು. "ಒಂದು ಕಾರು ನಿಂತ್ರೆ ಪ್ರಪಂಚ ಮುಳುಗಲ್ಲ. ನಿಮ್ಮ ಮಗಳ ಗತಿ ಯೋಚ್ನೆ ಮಾಡಿ" ಎಂದು ಗದರಿದೆ. ಬಾಗಿಲಲ್ಲಿ ನಿಂತಿದ್ದ ಭೂಮಿ, "ಡೋಂಟ್ ಪುಟ್ ಇಟ್ ಆನ್ ಮಿ" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮಾತು ನನಗೆ ಚುಚ್ಚಿತು, ಆದರೂ ನಾನು ಬಗ್ಗಲಿಲ್ಲ.

ಬಗ್ಗಿದ್ದು ಹದಿನಾರನೇ ತಾರೀಕು, ಗುರುವಾರ. ದಾಗಿಸ್‌ನ ದೊಡ್ಡ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೊರಟಿದ್ದೆವು. ಎಂಟೂಮುಕ್ಕಾಲು ಗಂಟೆ. ಆಲಿಕಲ್ಲು ಬೆರೆತ ಮಳೆ. ಆರೈಕೆ ಮನೆಯ ಹತ್ತಿರದ ನಿಲ್ದಾಣದಲ್ಲಿ ಬಸ್ಸು ನಿಂತಿತು. ಕೆಂಪು ಉಣ್ಣೆ ಟೋಪಿ ಇಳಿಯಿತು. ಇವರು ನಾಲ್ಕು ವರ್ಷದಿಂದ ವರ್ಣಿಸಿದ ಟೋಪಿ, ಗುರುತು ಹಿಡಿಯಲು ಏನು ಕಷ್ಟ? ಅಜ್ಜಿ ಕಂಬಿ ಹಿಡಿದು ಒಂದು ಕಾಲು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಇನ್ನೊಂದು ಕಾಲು ಇಟ್ಟರು. ನಿಲ್ದಾಣದಿಂದ ಆ ಬಾಗಿಲಿಗೆ ನನ್ನ ಮಕ್ಕಳು ಎರಡು ನಿಮಿಷದಲ್ಲಿ ಓಡುತ್ತಾರೆ. ಅಜ್ಜಿ ಮೂರು ಕಡೆ ನಿಂತರು. ಒಮ್ಮೆ ಹಿಂದೆ ತಿರುಗಿ ನೋಡಿದರು, ಯಾರಾದರೂ ಹಿಂಬಾಲಿಸುತ್ತಿದ್ದಾರೆಯೇ ಎನ್ನುವ ಹಾಗೆ. ಹಿಂದೆ ಇದ್ದವಳು ನಾನೇ. ನನಗೆ ಅಲ್ಲೇ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

ಸಂಜೆ ಇವರಿಗೆ ಹೇಳಿದೆ: "ಭಾನುವಾರ ಹೋಗೋಣ. ನೀವೊಬ್ರೇ ಬೇಡ, ನೀವು ಗಾಬರಿಲಿ ಏನೇನೋ ಅಂತೀರ. ನಾನೂ ಬರ್ತೀನಿ."

ಕಡತ ವಿಳಾಸ ಕೊಟ್ಟಿತು. ಹೆಸರು ಇಂಗೆಗೆರ್ಡ್. ಭಾನುವಾರ ಮಧ್ಯಾಹ್ನ ಮೂರಕ್ಕೆ ಒಂದು ಡಬ್ಬಿ ಕೋಡುಬಳೆ ಹಿಡಿದು ಹೋದೆವು. ಹೇಳದೆ ಕೇಳದೆ ಒಬ್ಬರ ಬಾಗಿಲಿಗೆ ಹೋಗುವುದು ಈ ದೇಶದಲ್ಲಿ ದೊಡ್ಡ ತಪ್ಪು ಎಂದು ಗೊತ್ತಿತ್ತು. ಫೋನ್ ಮಾಡಿದರೆ ಅಜ್ಜಿ ಇನ್ನೂ ಹೆದರಬಹುದು ಎಂದೂ ಅನ್ನಿಸಿತ್ತು. ಗಂಟೆ ಒತ್ತಿದೆ. ಬಾಗಿಲು ಒಂದು ಗೇಣು ತೆರೆಯಿತು, ಸರಪಳಿ ಹಾಗೇ ಇತ್ತು.

ನಾನು ಮಕ್ಕಳ ಸ್ವೀಡಿಷಿನಲ್ಲಿ ಶುರು ಮಾಡಿದೆ. "ನಮಸ್ಕಾರ. ನನ್ನ ಹೆಸರು ಕೋಕಿಲಾ. ನಾವು ಕೆಟ್ಟವರಲ್ಲ. ನಿಮ್ಮ ಕಾರಿಗೆ ನಿಂಬೆಹಣ್ಣು ಇಟ್ಟದ್ದು ನನ್ನ ಗಂಡ."

ಬಾಗಿಲು ಮುಚ್ಚಿತು.

ನಾವು ಮೆಟ್ಟಿಲ ಮೇಲೆ ನಿಂತೆವು. ಒಳಗೆ ಫೋನ್ ಒತ್ತುತ್ತಿದ್ದಾರೆ, ಇನ್ನು ಐದು ನಿಮಿಷಕ್ಕೆ ಪೊಲೀಸರು ಬರುತ್ತಾರೆ ಎಂದುಕೊಂಡೆ. ಇವರ ತೋಳು ಹಿಡಿದು ಎಳೆದೆ. ಇವರು ಕದಲಲಿಲ್ಲ. ಮುಚ್ಚಿದ ಬಾಗಿಲಿಗೇ, ತಮ್ಮ ಒಡಕು ಸ್ವೀಡಿಷಿನಲ್ಲಿ, ಪರೀಕ್ಷೆ ಒಪ್ಪಿಸುವ ಹುಡುಗನ ಹಾಗೆ ಹೇಳತೊಡಗಿದರು. ನಮ್ಮಲ್ಲಿ ವರ್ಷಕ್ಕೊಂದು ದಿನ, ನಮಗಾಗಿ ದುಡಿಯುವ ವಸ್ತುಗಳಿಗೆ ಕೃತಜ್ಞತೆ ಹೇಳುತ್ತೇವೆ. ಸುತ್ತಿಗೆಗೆ, ಹೊಲಿಗೆ ಯಂತ್ರಕ್ಕೆ, ಬಸ್ಸಿಗೆ. ಕೆಂಪು ಬಣ್ಣ ರಕ್ತವಲ್ಲ, ಗೌರವ. ನಿಂಬೆಹಣ್ಣು ಕೆಟ್ಟ ಕಣ್ಣನ್ನು ತೆಗೆದುಕೊಳ್ಳುತ್ತದೆ, ಅದರ ಮೇಲೆ ಚಕ್ರ ಹತ್ತಿಸಿಬಿಟ್ಟರೆ ಮುಗಿಯಿತು. ನಿಮ್ಮ ಕಾರು ಈ ಊರಿನಲ್ಲೇ ಹೆಚ್ಚು ದುಡಿದದ್ದು. ಅದಕ್ಕೇ ಇಟ್ಟೆ. ನಿಮ್ಮನ್ನು ಕೇಳಬೇಕಿತ್ತು. ಕೇಳಲಿಲ್ಲ. ಕ್ಷಮಿಸಿ.

ಸರಪಳಿ ಸರಿದ ಸದ್ದಾಯಿತು. ಬಾಗಿಲು ತೆರೆಯಿತು.

"ಹೆಚ್ಚು ದುಡಿದದ್ದು ಅಂತ ನಿನಗೆ ಹೇಗೆ ಗೊತ್ತು?" ಎಂದರು ಅಜ್ಜಿ. ಈ ದೇಶದಲ್ಲಿ ಎಲ್ಲರಿಗೂ ಏಕವಚನವೇ.

ಆಗ ಇವರು ಜೇಬಿನಿಂದ ಪುಸ್ತಕ ತೆಗೆದು ಮುಂದೆ ಹಿಡಿದರು. ಅಯ್ಯೋ ಪುಣ್ಯಾತ್ಮ! ನಾಲ್ಕು ವರ್ಷದಿಂದ ಒಬ್ಬ ಅಪರಿಚಿತ ಗಂಡಸು ಒಂಟಿ ಹೆಂಗಸು ಯಾವ ದಿನ ಎಷ್ಟು ಗಂಟೆಗೆ ಎಲ್ಲಿಗೆ ಬಂದಳು ಎಂದು ಬರೆದಿಟ್ಟಿದ್ದಾನೆ. ಪೊಲೀಸರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಇಷ್ಟು ವರ್ಷ ಅದನ್ನು ಹುಚ್ಚು ಎಂದು ನಕ್ಕಿದ್ದೆನೇ ಹೊರತು ಅದು ಆ ಬಾಗಿಲಿನಿಂದ ಹೇಗೆ ಕಾಣಬಹುದು ಎಂದು ಯೋಚಿಸಿರಲಿಲ್ಲ. ಕಸಿದುಕೊಳ್ಳಲು ಕೈ ಚಾಚುವಷ್ಟರಲ್ಲಿ ಅದು ಅಜ್ಜಿಯ ಕೈಯಲ್ಲಿತ್ತು.

ಕನ್ನಡ ಅಕ್ಷರ ಅವರಿಗೇನು ತಿಳಿಯಬೇಕು? ಅಂಕಿಗಳು ತಿಳಿದವು. ಒಂದೊಂದೇ ಹಾಳೆ ತಿರುಗಿಸಿದರು. ಒಂದು ಕಡೆ ಬೆರಳಿಟ್ಟು, "ಇಲ್ಲಿ ಏನು ಬರೆದಿದೆ?" ಎಂದರು.

ಇವರು ಬಗ್ಗಿ ಓದಿ ಹೇಳಿದರು. "ಜನವರಿ. ಮೈನಸ್ ಹದಿನೇಳು. ಬಂತು. ಗಾಜಿನ ಮೇಲೆ ಅರ್ಧ ಮಾತ್ರ ಹಿಮ ಕೆರೆದಿದ್ದಾರೆ, ಅವಸರವಿರಬೇಕು."

"ಇಲ್ಲಿ?"

"ಮೇ ಮೂರರಿಂದ ಇಪ್ಪತ್ತು. ಬಂದಿಲ್ಲ."

"ನನ್ನ ಮಣಿಕಟ್ಟು ಉಳುಕಿತ್ತು" ಎಂದರು ಅಜ್ಜಿ. ಆಮೇಲೆ ಪುಸ್ತಕದ ಮೊದಲ ಹಾಳೆಗೆ ಹೋದರು. ಅಲ್ಲಿದ್ದ ತಾರೀಕಿನ ಮೇಲೆ ಬೆರಳಿಟ್ಟರು. "ಲೆನಾರ್ಟ್ ಅಲ್ಲಿಗೆ ಸೇರಿದ್ದು ಇದರ ಹಿಂದಿನ ಸೋಮವಾರ" ಎಂದರು. ನಮ್ಮನ್ನು ಒಳಗೆ ಬನ್ನಿ ಎಂದು ಕರೆಯಲಿಲ್ಲ. ತಾವು ತಿರುಗಿ ಒಳಗೆ ನಡೆದು, ಬಾಗಿಲು ತೆರೆದೇ ಬಿಟ್ಟರು.

ಅಡುಗೆಮನೆಯ ಮೇಜಿನ ಬಳಿ ಕೂತು ಅವರು ಹೇಳಿದ್ದು ಇಷ್ಟು. ಲೆನಾರ್ಟ್ ಅವರ ಗಂಡ. ಇಪ್ಪತ್ತೊಂಬತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ಎಂಜಿನ್ ಕೂರಿಸುವ ಕೆಲಸ. ಈ ಹಳದಿ ಕಾರಿಗೆ ಎಂಜಿನ್ ಕೂರಿಸಿದ್ದು ತಾನೇ ಎಂದು ಅವರ ವಾದ. ಮರೆವಿನ ರೋಗ ಬಂದು ಹೆಂಡತಿಯ ಮುಖ ಮರೆತಿದೆ, ಹೆಸರು ಮರೆತಿದೆ. ಆದರೆ ಬೆಳಿಗ್ಗೆ ಕಿಟಕಿಯ ಕೆಳಗೆ ಆ ಎಂಜಿನ್ನಿನ ಸದ್ದು ಕೇಳಿದರೆ ಎದ್ದು ನಿಂತು, 'ನನ್ನ ಹೆಂಡತಿ ಬಂದಳು' ಎನ್ನುತ್ತಾರೆ. ಆಮೇಲೆ ಅಜ್ಜಿ ಒಳಗೆ ಹೋದರೆ ಗಂಜಿ ತಿನ್ನುತ್ತಾರೆ.

"ಈಗ ನಾನು ಬಸ್ಸಿನಲ್ಲಿ ಹೋಗಿ ಅವನ ಪಕ್ಕದಲ್ಲಿ ಕೂತಿರುತ್ತೇನೆ" ಎಂದರು ಅಜ್ಜಿ. "ನನ್ನ ಹೆಂಡತಿ ಯಾವಾಗ ಬರುತ್ತಾಳೆ ಅಂತ ಅವನು ನನ್ನನ್ನೇ ಕೇಳುತ್ತಾನೆ."

ಇವರು ಮುಖ ಮುಚ್ಚಿಕೊಂಡರು. ನಾನು ನೋಡಿದಂತೆ ಇವರು ಅತ್ತಿದ್ದು ಮಾವ ತೀರಿಕೊಂಡಾಗ ಒಮ್ಮೆ, ಆಮೇಲೆ ಆ ಮೇಜಿನ ಬಳಿ. ನನಗೂ ತಡೆಯಲಾಗಲಿಲ್ಲ. ನಮ್ಮ ಅರ್ಜಿ, ನಮ್ಮ ಪೌರತ್ವ ಎಂದು ಹದಿನೇಳು ದಿನ ಇವರ ಬಾಯಿ ಕಟ್ಟಿದವಳು ನಾನು. ಅಷ್ಟು ದಿನ ಆ ಮನುಷ್ಯ ಕಿಟಕಿಯ ಬಳಿ ಕಾದಿದ್ದಾನೆ. ಅದನ್ನು ಅಜ್ಜಿಗೆ ಹೇಳಿದೆ, ಅರ್ಜಿಯ ವಿಷಯವನ್ನೂ ಹೇಳಿದೆ. ಮುಚ್ಚಿಟ್ಟು ಕ್ಷಮೆ ಕೇಳುವುದು ನನ್ನಿಂದಾಗಲಿಲ್ಲ.

ಅಜ್ಜಿ ನನ್ನನ್ನು ನೋಡಿದರು. "ನಾನು ಹೆದರಿದ್ದು ನಿಜ. ದೂರು ಕೊಟ್ಟದ್ದೂ ನಿಜ. ಫೋನ್ ಮಾಡಿ ಹೇಳುತ್ತೇನೆ, ಆದರೆ ಅವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ" ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಆಮೇಲೆ ಇವರ ಕಡೆ ತಿರುಗಿದರು: "ಆ ಹಣ್ಣಿನ ಮೇಲೆ ಚಕ್ರ ಹತ್ತಿಸಿದರೆ ಮುಗಿಯಿತು ಅಂದೆಯಲ್ಲ. ನಾನು ಹತ್ತಿಸಲೇ ಇಲ್ಲ. ಕಸದ ಬುಟ್ಟಿಗೆ ಹಾಕಿದೆ."

"ಪರವಾಗಿಲ್ಲ" ಎಂದರು ಇವರು.

"ಪರವಾಗಿಲ್ಲ ಅಂದರೆ ಹೇಗೆ? ಅರ್ಧಕ್ಕೆ ನಿಂತಿದೆ." ಎದ್ದು ಫ್ರಿಜ್ ತೆರೆದು ಎರಡು ನಿಂಬೆಹಣ್ಣು ತಂದರು. ಅಂಗಡಿಯ ಚೀಟಿ ಅವುಗಳ ಮೈಮೇಲೇ ಅಂಟಿತ್ತು.

ಗ್ಯಾರೇಜಿನಲ್ಲಿ ಕಾರು ಹೊದಿಕೆ ಹೊದ್ದು ನಿಂತಿತ್ತು. ಇವರು ಶೂ ಬಿಚ್ಚಿ, ಮಂಡಿಯೂರಿ ಚಕ್ರಗಳ ಮುಂದೆ ಹಣ್ಣು ಇಟ್ಟರು. ಅಜ್ಜಿ ಕೂತು ಕೀ ತಿರುಗಿಸಿದರು. ಗರಗರ ಎಂದು ನಿಂತಿತು. ಎರಡನೇ ಸಲವೂ ನಿಂತಿತು. ಇವರ ಮುಖ ನೋಡಲಾಗದೆ ನಾನು ನೆಲ ನೋಡಿದೆ. ದಾವಣಗೆರೆಯ ಬೇವಿನ ಮರದ ಕೆಳಗೆ ನಿಂತ ಹುಡುಗ ಅಲ್ಲಿದ್ದ ಎಂದು ನನಗೆ ಗೊತ್ತಿತ್ತು. ಮೂರನೇ ಸಲ ಬಡಬಡ ಎಂದು ಹೊತ್ತಿಕೊಂಡಿತು. ಕಾರು ಒಂದು ಮಾರು ಮುಂದೆ ಬಂತು, ಹಣ್ಣು ಪಚ್ಚೆಂದಿತು. ಅಜ್ಜಿ ಕಿಟಕಿ ಇಳಿಸಿ, "ಅಷ್ಟೇನಾ?" ಎಂದು ಕೇಳಿದರು. ಸಂಜೆಯೇ ಕಾರನ್ನು ಮತ್ತೆ ಸಂಚಾರಕ್ಕೆ ಸೇರಿಸುವುದಾಗಿ ಹೇಳಿ, ಕೋಡುಬಳೆಯ ಡಬ್ಬಿ ಇಟ್ಟುಕೊಂಡು, ನಮ್ಮನ್ನು ಕಳಿಸಿದರು.

ಪೊಲೀಸರ ಫೋನು ಬಂದದ್ದು ಬುಧವಾರ. ಹೆಂಗಸೊಬ್ಬರು ಇವರನ್ನು ಹತ್ತು ನಿಮಿಷ ಪ್ರಶ್ನೆ ಕೇಳಿದರು. ಅಪರಾಧವೇನೂ ಕಾಣುವುದಿಲ್ಲ, ಮುಚ್ಚುತ್ತೇವೆ, ಆದರೆ ದೂರು ಬಂದಿತ್ತೆಂಬ ದಾಖಲೆ ಇರುತ್ತದೆ ಎಂದರಂತೆ. ಆ ದಾಖಲೆ ಯಾರ ಮೇಜಿಗೆ ಹೋಗುತ್ತದೆ, ಹೋದರೆ ಅವರೇನು ಯೋಚಿಸುತ್ತಾರೆ, ನಮಗೆ ತಿಳಿಯದು. ಇದನ್ನು ಬರೆಯುವ ಹೊತ್ತಿಗೆ ಕಚೇರಿಯಿಂದ ಉತ್ತರ ಬಂದಿಲ್ಲ. ಫೋನ್ ಸದ್ದಾದರೆ ನಾನು ಈಗಲೂ ಓಡುತ್ತೇನೆ.

ಆದರೆ ನಾನು ಹೇಳಬೇಕಾದ್ದು ಅದಕ್ಕಿಂತ ಮುಂಚಿನ ಸೋಮವಾರದ ಬೆಳಗು. ನಾನು ದಾಗಿಸ್‌ಗೆ ತಡವಾಗಿ ಬರುವುದಾಗಿ ಹೇಳಿ ಇವರ ಜೊತೆ ನಡೆದೆ. ಇನ್ನೂ ಮಬ್ಬು ಕವಿದಿತ್ತು. ಆರೈಕೆ ಮನೆಯ ಎದುರಿನ ಕಾಲುದಾರಿಯಲ್ಲಿ ನಿಂತೆವು. ಏಳು ಇಪ್ಪತ್ತೈದಾಯಿತು. ಬರಲಿಲ್ಲ. ಇವರು ಪುಸ್ತಕ ತೆರೆದು ಪೆನ್ನು ಹಿಡಿದಿದ್ದರು. ಅಜ್ಜಿಗೆ ರಾತ್ರಿ ಮತ್ತೆ ಭಯವಾಗಿರಬಹುದು, ಕಾರು ಹೊತ್ತಿಕೊಳ್ಳದೆ ಇರಬಹುದು, ಯಾರಾದರೂ ಬೇಡ ಎಂದಿರಬಹುದು ಎಂದು ನಾನು ಒಳಗೊಳಗೇ ಎಣಿಸುತ್ತಿದ್ದೆ.

ಮೊದಲು ಕೇಳಿದ್ದು ಸದ್ದು. ಇವರು ನನ್ನ ಕೈ ಹಿಡಿದರು. ತಿರುವಿನಲ್ಲಿ ಎರಡು ದುಂಡನೆಯ ದೀಪ ಕಂಡವು. ಕಾರು ಅಂಗಳಕ್ಕೆ ಬರುವಷ್ಟರಲ್ಲಿ ಎರಡನೇ ಮಹಡಿಯ ಕಿಟಕಿಯಲ್ಲಿ ದೀಪ ಹತ್ತಿತು. ಪೈಜಾಮಾ ತೊಟ್ಟ ಎತ್ತರದ ಮುದುಕರೊಬ್ಬರು ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದರು. ಪಕ್ಕದಲ್ಲಿದ್ದ ಆರೈಕೆಯವಳ ಕಡೆ ತಿರುಗಿ ಅವರು ಏನೋ ಹೇಳಿದ್ದು ಕಂಡಿತು. ಏನು ಹೇಳಿದರೆಂದು ನಮಗೆ ಕೇಳಬೇಕಾಗಿರಲಿಲ್ಲ.

ಇವರಿಗೆ ಬರೆಯಲಾಗಲಿಲ್ಲ. ಪೆನ್ನು ನನ್ನ ಕೈಗೆ ಕೊಟ್ಟರು. ಪುಸ್ತಕ ನಾನು ತೆಗೆದುಕೊಂಡೆ. ಆ ಪುಸ್ತಕದಲ್ಲಿ ನನ್ನ ಅಕ್ಷರದಲ್ಲಿರುವುದು ಅದೊಂದೇ ಸಾಲು. ಅಕ್ಟೋಬರ್ ಇಪ್ಪತ್ತು, ಸೋಮವಾರ, ಏಳು ಮೂವತ್ತೊಂದು. ಬಂತು.